ಅಳತೆ ಮೊದಲೇ ಹೇಳಬೇಕು

ನಮ್ಮ ಶಹಾಪುರದಲ್ಲಿ ‘ಮ್ಯಾನೇಜರ್’ ಎಂದು ಕರೆಸಿಕೊಳ್ಳುವವರು ಬೆರಳೆಣಿಕೆಯ ಮಂದಿ. ಬ್ಯಾಂಕಿನವರು, ಬಸ್ ಡಿಪೊದವರು, ಹತ್ತಿ ಜಿನ್ನಿಂಗ್ ಮಿಲ್ಲಿನವರು, ಅಷ್ಟೇ. ಆದರೆ ಇನ್ನೊಬ್ಬರ ಕೈಯಿಂದ ಕೆಲಸ ಮಾಡಿಸುವವರು ಓಣಿಗೆ ನಾಲ್ಕು ಜನ ಇದ್ದಾರೆ. ಹತ್ತಿ ಬಿಡಿಸಲು ಟಂಟಂನಲ್ಲಿ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಅಕ್ಕ, ಹುಡುಗರ ಗುಂಪು ಕಟ್ಟಿಕೊಂಡು ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗುವ ಮೇಸ್ತ್ರಿ, ಅಂಗನವಾಡಿ ಮೇಲ್ವಿಚಾರಕಿ, ಶಾಲೆಯ ಹೆಡ್‌ಮಾಸ್ತರು, ಪಂಚಾಯಿತಿಯ ಪಿಡಿಒ. ಇವರೆಲ್ಲ ಬೆಳಗಾದರೆ ಒಬ್ಬರಲ್ಲ ಒಬ್ಬರಿಗೆ ಕೆಲಸ ಹೇಳಬೇಕು, ತಪ್ಪಾದರೆ ತಿದ್ದಬೇಕು, ಕೆಟ್ಟ ಸುದ್ದಿಯನ್ನೂ ಮುಟ್ಟಿಸಬೇಕು. ಅದನ್ನು ಹೇಗೆ ಮಾಡಬೇಕೆಂದು ಇವರಿಗೆ ಯಾರೂ ಕಲಿಸಿಲ್ಲ. ಮೇಲಿನವರು ತಮ್ಮ ಜೊತೆ ಹೇಗೆ ಮಾತಾಡಿದರೋ ಹಾಗೆಯೇ ಕೆಳಗಿನವರ ಜೊತೆ ಮಾತಾಡುತ್ತಾರೆ.

ಈ ವರ್ಷ ಆ ಸಾಲಿಗೆ ನಾನೂ ಸೇರಿದೆ. ನಾನು ಸ್ಟ್ರಿಂಗರ್. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂದು ಹಣ ಬರುತ್ತದೆ. ಜನವರಿಯಲ್ಲಿ ನಾನು ಬರೆಯುವ ಪತ್ರಿಕೆಯವರು ಗೋಗಿ, ದೋರನಹಳ್ಳಿ, ಸಗರ ಕಡೆಯಿಂದ ಸುದ್ದಿ ಕೊಡುವ ಮೂವರು ಹುಡುಗರನ್ನು ‘ನೀವೇ ನೋಡಿಕೊಳ್ಳಿ’ ಎಂದು ನನಗೆ ಒಪ್ಪಿಸಿದರು. ಅವರ ಸುದ್ದಿ ತಿದ್ದಿ ಕಳಿಸುವುದು, ತಿಂಗಳ ಕೊನೆಗೆ ಲೆಕ್ಕ ಮಾಡಿ ಕೊಡುವುದು ನನ್ನ ಕೆಲಸ. ಅದಕ್ಕೆ ಬೇರೆ ಹಣವೇನೂ ಇಲ್ಲ. ಮಾರ್ಚ್ ಕೊನೆಯ ವಾರ ಡೆಸ್ಕಿನಿಂದ ಫೋನ್ ಬಂತು. ಏಪ್ರಿಲ್‌ನಿಂದ ಜಿಲ್ಲೆಗೆ ಒಂದು ಪುಟ ಕಡಿಮೆ, ಸುದ್ದಿಗೆ ಕೊಡುವ ಹಣದಲ್ಲಿ ಮೂರನೇ ಒಂದು ಪಾಲು ಕಡಿತ. ‘ಹುಡುಗರಿಗೆ ನೀವೇ ಹೇಳಿಬಿಡಿ’ ಎಂದು ಫೋನ್ ಇಟ್ಟರು.

ಹೇಳುವುದು ಹೇಗೆ? ಡಿಪ್ಲೊಮಾದಲ್ಲಿ ನಮಗೆ ಶೀರ್ಷಿಕೆ ಕೊಡುವುದು ಹೇಳಿಕೊಟ್ಟರು, ಮೊದಲ ಪ್ಯಾರಾ ಬರೆಯುವುದು ಹೇಳಿಕೊಟ್ಟರು. ಪೆಟ್ರೋಲಿಗೆ ಸಾಲ ಮಾಡಿ ಸುದ್ದಿಗೆ ತಿರುಗುವ ಹುಡುಗನಿಗೆ ‘ನಿನ್ನ ದುಡ್ಡು ಕಡಿಮೆಯಾಗಿದೆ’ ಎಂದು ಹೇಳುವುದನ್ನು ಯಾವ ಪೇಪರಿನಲ್ಲೂ ಕೇಳಿರಲಿಲ್ಲ. ಇದಕ್ಕೆ ನನಗೆ ದಾರಿ ಸಿಕ್ಕಿದ್ದು ಆ ದಿನಗಳಲ್ಲಿ ಸುದ್ದಿಗಾಗಿ ನಾನು ಸುತ್ತುತ್ತಿದ್ದ ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ. ಅಲ್ಲಿ ಕಂಡದ್ದನ್ನು, ನಮ್ಮಂತೆ ನಾಲ್ಕು ಜನರಿಂದ ಕೆಲಸ ಮಾಡಿಸಬೇಕಾದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಉದ್ಯೋಗ ಖಾತ್ರಿ ನಮ್ಮ ಕಡೆಗೆ ಹೊಸದಲ್ಲ. ಫೆಬ್ರುವರಿ 2, 2006ರಂದು ದೇಶದ 200 ಜಿಲ್ಲೆಗಳಲ್ಲಿ ಅದು ಶುರುವಾದಾಗ ಆಗಿನ ಗುಲಬರ್ಗಾ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ನಾರಾಯಣಪುರ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬರುವಷ್ಟು ದಿನ ಹತ್ತಿ, ಭತ್ತ, ಮೆಣಸಿನಕಾಯಿ ಎಂದು ಕೈತುಂಬ ಕೆಲಸ. ಕಾಲುವೆ ಒಣಗಿದ ಮೇಲೆ ಬೆಂಗಳೂರಿನ ಬಸ್ಸು, ಇಲ್ಲವೇ ಖಾತ್ರಿ ಕೆಲಸ. ಕೆರೆ ಹೂಳೆತ್ತುವುದು, ಬದು ಹಾಕುವುದು, ನಾಲಾ ತೆಗೆಯುವುದು. ಕರ್ನಾಟಕದಲ್ಲಿ 2025ರ ಏಪ್ರಿಲ್ 1ರಿಂದ ದಿನದ ಕೂಲಿ 370 ರೂಪಾಯಿ ಆಗಿತ್ತು. ಹಿಂದಿನ ವರ್ಷ 349 ಇತ್ತು.

ಆದರೆ ಆ 370 ಬಂದು ನಿಂತವರಿಗೆಲ್ಲ ಸಿಗುವ ಹಣವಾಗಿರಲಿಲ್ಲ. ತೆಗೆದ ಮಣ್ಣನ್ನು ಎಂಜಿನಿಯರ್ ಅಳೆಯುತ್ತಾರೆ, ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಅದರ ಮೇಲೆ ಕೂಲಿ. ಅಳತೆ ಕಡಿಮೆ ಬಂದರೆ ಕೂಲಿಯೂ ಕಡಿಮೆ. ಬಿಸಿಲು ಹೆಚ್ಚೆಂದು ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಕೆಲಸದ ಅಳತೆಯಲ್ಲಿ ಶೇ 30ರಷ್ಟು ರಿಯಾಯಿತಿಯನ್ನೂ ಕೊಡುತ್ತಾರೆ. ಇಷ್ಟೆಲ್ಲ ಲೆಕ್ಕವನ್ನು ಸನಿಕೆ ಹಿಡಿದವರಿಗೆ ತಿಳಿಸಿ ಹೇಳಬೇಕಾದವರು ಕಾಯಕ ಬಂಧು. ಬೇರೆ ರಾಜ್ಯಗಳಲ್ಲಿ ‘ಮೇಟ್’ ಎನ್ನುವವರಿಗೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ಇದು. ಅವರೂ ಅದೇ ಊರಿನವರು. ನಿನ್ನೆಯವರೆಗೆ ಬುಟ್ಟಿ ಹೊತ್ತವರು. ಈಗ ಹಾಜರಿ ತೆಗೆದುಕೊಳ್ಳುತ್ತಾರೆ, ಮೊಬೈಲ್ ಆ್ಯಪಿನಲ್ಲಿ ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಫೋಟೊ ಹಾಕುತ್ತಾರೆ, ಕುಣಿಯ ಗುರುತು ಹಾಕಿಕೊಡುತ್ತಾರೆ. ಕೂಲಿ ನಿಗದಿ ಮಾಡುವುದಾಗಲಿ, ಹೆಚ್ಚಿಸುವುದಾಗಲಿ ಅವರ ಕೈಯಲ್ಲಿಲ್ಲ. ಜನ ಬೈಯುವುದು ಮಾತ್ರ ಅವರನ್ನೇ. ನನ್ನ ಸ್ಥಿತಿಯೂ ಅದೇ ಆಗಿದ್ದರಿಂದ ಅವರ ಕೆಲಸ ನೋಡುವ ಆಸೆ ಹೆಚ್ಚಾಯಿತು.

ದೋರನಹಳ್ಳಿ ಕಡೆಯ ಒಂದು ಊರಿನ ಕೆರೆಯಲ್ಲಿ ಒಬ್ಬ ಕಾಯಕ ಬಂಧು ಅಕ್ಕನನ್ನು ಏಪ್ರಿಲ್‌ನಲ್ಲಿ ಏಳೆಂಟು ದಿನ ನೋಡಿದೆ. ಬಿಸಿಲೇರುವ ಮೊದಲೇ ಕೆಲಸ ಶುರು. ಅಕ್ಕ ಗಂಟು ಹಾಕಿದ ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಆಮೇಲೆ ಜಾಲಿ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ ಒಂದೊಂದು ಜೋಡಿಗೆ ಒಂದೊಂದು ಕೊಟ್ಟರು. ‘ಉದ್ದ ಅಗಲ ಗೆರಿ ನೋಡ್ರಿ. ಆಳಕ್ಕ ಈ ಕಡ್ಡಿ. ಕಡ್ಡಿ ಮುಳುಗಿದ್ರ ಪೂರಾ ಪಗಾರ. ಕೆಳಗ ಗರಸು ಹತ್ತಿದ್ರ ನನಗ ಕೂಗ್ರಿ, ಸುಮ್ಮನ ಗುದ್ದಾಡಬ್ಯಾಡ್ರಿ’ ಎಂದರು. ಇಷ್ಟೇ ಮಾತು. ಎರೆ ಮಣ್ಣಿಗೂ ಗರಸಿಗೂ ಅಳತೆ ಬೇರೆ ಎಂಬುದು ಎಲ್ಲರಿಗೂ ತಿಳಿದಿತ್ತು. ಗರಸು ಸಿಕ್ಕ ಕೂಡಲೇ ಕೂಗಿದರೆ ಮಾತ್ರ ಅದನ್ನು ಎಂಜಿನಿಯರಿಗೆ ತೋರಿಸಿ ಬರೆಸಬಹುದು ಎಂಬುದೂ ಅಂದು ತಿಳಿಯಿತು.

ಆ ಕಡ್ಡಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕಡ್ಡಿ ಅಕ್ಕನ ಕೈಯಲ್ಲೇ ಇದ್ದಿದ್ದರೆ ಜನ ಗಂಟೆಗೊಮ್ಮೆ ಅವರ ಮುಖ ನೋಡಬೇಕಿತ್ತು. ‘ಆತೇನಕ್ಕಾ?’ ಎಂದು ಕೇಳಬೇಕಿತ್ತು. ಅಕ್ಕ ‘ಇನ್ನಾ ಆಗಿಲ್ಲ’ ಎಂದರೆ ಅವರಿಗೆ ಬೇಕಾದವರಿಗೆ ಒಂದು, ಬ್ಯಾಡಾದವರಿಗೆ ಒಂದು ಎಂದು ಗುಸುಗುಸು ಹುಟ್ಟುತ್ತಿತ್ತು. ಕಡ್ಡಿ ದುಡಿಯುವವರ ಕೈಗೆ ಬಂದ ಮೇಲೆ ಆ ಮಾತೇ ಇಲ್ಲ. ತಮ್ಮ ಕೆಲಸ ಎಷ್ಟಾಯಿತು, ಎಷ್ಟು ಉಳಿಯಿತು ಎಂದು ಅವರೇ ನೋಡಿಕೊಳ್ಳುತ್ತಾರೆ.

ನಮ್ಮ ಬಹುಪಾಲು ಕಚೇರಿಗಳಲ್ಲಿ ಕಡ್ಡಿ ಸಾಹೇಬರ ಟೇಬಲ್ಲಿನ ಡ್ರಾದಲ್ಲಿರುತ್ತದೆ. ‘ಚೆನ್ನಾಗಿ ಮಾಡಿ’, ‘ಬೇಗ ಮಾಡಿ’, ‘ಗುಣಮಟ್ಟ ಇರಲಿ’ ಎನ್ನುತ್ತಾರೆ. ಚೆನ್ನಾಗಿ ಎಂದರೆ ಎಷ್ಟು? ಬೇಗ ಎಂದರೆ ಎಷ್ಟು ಗಂಟೆಗೆ? ಕೆಲಸ ಮುಗಿದ ಮೇಲೆ ‘ಇದಲ್ಲ ನಾನು ಕೇಳಿದ್ದು’ ಎನ್ನುತ್ತಾರೆ. ಹತ್ತು ವರ್ಷದಿಂದ ನನ್ನ ಎಷ್ಟೋ ಸುದ್ದಿಗಳು ಅಚ್ಚಾಗದೆ ಹೋಗಿವೆ. ಯಾಕೆಂದು ಯಾರೂ ಹೇಳಿದ್ದಿಲ್ಲ. ಜಾಗ ಇರಲಿಲ್ಲವೋ, ಸುದ್ದಿಯಲ್ಲೇ ಕೊರತೆಯೋ, ಬೇರೆ ಯಾರಿಗೋ ಇರಿಸುಮುರಿಸಾಯಿತೋ ಗೊತ್ತಿಲ್ಲದಿದ್ದರೆ ಮುಂದಿನ ಸುದ್ದಿಯನ್ನು ಸುಧಾರಿಸುವುದು ಹೇಗೆ?

ಹಾಗಾಗಿ ನಮ್ಮ ಮೂವರು ಹುಡುಗರಿಗೆ ನಾನು ಮೊದಲು ಮಾಡಿಕೊಟ್ಟದ್ದು ಒಂದು ಕಡ್ಡಿ. ಒಂದೇ ಪುಟ. ಸುದ್ದಿ ಎಷ್ಟು ಪದ ಇರಬೇಕು, ಫೋಟೊ ಯಾವಾಗ ಬೇಕೇಬೇಕು, ಎರಡೂ ಕಡೆಯವರ ಮಾತು ಇಲ್ಲದೆ ಯಾವ ಸುದ್ದಿ ಕಳಿಸಬಾರದು, ಎಷ್ಟು ಗಂಟೆಯ ನಂತರ ಬಂದದ್ದು ನಾಳೆಗೆ ಹೋಗುತ್ತದೆ, ಯಾವುದಕ್ಕೆ ಹಣ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ. ಅದರ ಕೆಳಗೆ ‘ಗರಸು ಹತ್ತಿದರೆ ಕೂಗಿ’ ಎಂದೂ ಬರೆದೆ. ಕಚೇರಿಯವರು ದಾಖಲೆ ಕೊಡದಿದ್ದರೆ, ಯಾರಾದರೂ ಹೆದರಿಸಿದರೆ ಒಬ್ಬರೇ ಗುದ್ದಾಡುವುದು ಬೇಡ ಎಂದು ಅದರ ಅರ್ಥ.

ಎರಡನೆಯದು ಕೆಟ್ಟ ಸುದ್ದಿ. ಆ ಕೆರೆಯಲ್ಲೇ ಒಂದು ವಾರದ ಅಳತೆ ಕಡಿಮೆ ಬಂತು. ದಿನಕ್ಕೆ 370ರ ಬದಲು ಅದಕ್ಕಿಂತ ಕಡಿಮೆ ಬೀಳುತ್ತದೆ ಎಂದು ಅಕ್ಕನಿಗೆ ಹಿಂದಿನ ಸಂಜೆ ಪಂಚಾಯಿತಿಯಲ್ಲಿ ತಿಳಿಯಿತು. ಮರುದಿನ ಗೆರೆ ಎಳೆಯುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ಎಷ್ಟು ಕಡಿಮೆ, ಯಾವ ಕುಣಿಗಳಲ್ಲಿ ಕಡಿಮೆ, ಅಳೆದವರು ಯಾರು, ತಾನು ಮರು ಅಳತೆ ಕೇಳಿದ್ದೇನೆ, ಅದು ಆಗಬಹುದು ಆಗದೆಯೂ ಇರಬಹುದು. ಹೆಣ್ಣುಮಕ್ಕಳು ಬೈದರು. ‘ನೀ ನಮ್ಮಾಕಿ ಅಂತ ತಿಳಕೊಂಡಿದ್ವಿ’ ಎಂದು ಒಬ್ಬ ಹಿರಿಯಳು ಅಂದಳು. ಅಕ್ಕ ತಲೆ ತಗ್ಗಿಸಲಿಲ್ಲ, ತಿರುಗಿ ಬೈಯಲೂ ಇಲ್ಲ. ಎಲ್ಲರೂ ಮುಗಿಸುವವರೆಗೆ ನಿಂತರು. ಆಮೇಲೆ ಕಡ್ಡಿ ಹಂಚಿದರು.

ಊಟದ ಹೊತ್ತಿಗೆ ನಾನು, ‘ಯಕ್ಕಾ, ಸಂಜಿಗಿ ಹೇಳಬಹುದಿತ್ತಲ್ಲ, ಕೆಲಸನಾರ ಆಗ್ತಿತ್ತು’ ಎಂದೆ. ಅವರು ಹೇಳಿದ್ದು: ‘ತಮ್ಮಾ, ಸಂಜಿಗಿ ಹೇಳಿದ್ರ ದಿನಾ ಪೂರ್ತಿ ದುಡಿಸಿಕೊಂಡು ಹೇಳಿದಂಗ ಆಗ್ತದ. ನಾ ಹೇಳದಿದ್ರ ಬ್ಯಾಂಕಿನ ಮೆಸೇಜ್ ಹೇಳ್ತದ. ಮೆಸೇಜಿಗಿ ಬೈಲಿಕ್ಕ ಬರಂಗಿಲ್ಲ. ಬೈದ್ರ ಬೈಲಿ, ಎದಿ ಹಗರ ಆಗ್ತದ.’

ಕೆಟ್ಟ ಸುದ್ದಿ ಹೇಳುವ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇಲ್ಲ. ಬೇಗ ಹೇಳಬೇಕು, ಎದುರಿಗೆ ನಿಂತು ಹೇಳಬೇಕು, ಅಂಕಿ ಸಮೇತ ಹೇಳಬೇಕು. ತನ್ನ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬೇರೆ ಬೇರೆಯಾಗಿ ಹೇಳಬೇಕು. ಕೇಳಿದವರಿಗೆ ಸಿಟ್ಟು ಮಾಡಲು ಜಾಗ ಬಿಡಬೇಕು. ನಾವು ಸಾಮಾನ್ಯವಾಗಿ ಇದರ ಉಲ್ಟಾ ಮಾಡುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೆ ಒಂದು ಸುತ್ತೋಲೆ ಹಾಕಿ, ಕೆಳಗೆ ಕೈಮುಗಿದ ಚಿತ್ರ ಹಾಕಿ, ಬೆಳಿಗ್ಗೆವರೆಗೆ ಫೋನ್ ತೆಗೆಯುವುದಿಲ್ಲ.

ಮೂರನೆಯದು ಬೈಯುವುದು. ಜಿಲ್ಲೆಯಲ್ಲಿ ನಡೆಯುವ ಪ್ರಗತಿ ಪರಿಶೀಲನಾ ಸಭೆಗಳಿಗೆ ವರದಿಗೆಂದು ಕೂತವರಿಗೆ ಈ ದೃಶ್ಯ ಗೊತ್ತು. ಪರದೆಯ ಮೇಲೆ ಪಟ್ಟಿ ಬರುತ್ತದೆ. ಕೆಳಗಿನ ಮೂರು ಹೆಸರಿನವರು ಎದ್ದು ನಿಲ್ಲಬೇಕು. ‘ಮಾನವ ದಿನ ಯಾಕೆ ಕಡಿಮೆ?’ ಎಂದು ಎಲ್ಲರೆದುರು ಕೇಳುತ್ತಾರೆ. ನಿಂತವರು ‘ಮಾಡ್ತೀವಿ ಸರ್’ ಎನ್ನುತ್ತಾರೆ. ಊರಲ್ಲಿ ಮದುವೆ ಸುಗ್ಗಿ ಇತ್ತೇ, ಆ್ಯಪ್ ಕೈಕೊಟ್ಟಿತೇ, ಹಿಂದಿನ ಕೂಲಿ ಬಾಕಿ ಇದ್ದದ್ದಕ್ಕೆ ಜನ ಬರಲಿಲ್ಲವೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ತಿಳಿಯಬೇಕಾಗಿದ್ದೇ ಅದು. ಕಾನೂನಿನ ಪ್ರಕಾರ ಕೂಲಿ 15 ದಿನದೊಳಗೆ ಬರಬೇಕು, ತಡವಾದರೆ 16ನೇ ದಿನದಿಂದ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕು. ನಿಂತವರು ‘ಕೂಲಿ ತಡವಾಗಿದೆ ಸರ್’ ಎಂದು ಬಾಯಿ ಬಿಟ್ಟರೆ ಅಲ್ಲಿಂದ ಕೆಲಸ ಶುರುವಾಗುತ್ತದೆ. ನಾಲ್ಕು ಜನರೆದುರು ಮಾನ ಹೋಗುವಾಗ ಯಾರೂ ಬಾಯಿ ಬಿಡುವುದಿಲ್ಲ.

ಅಕ್ಕನ ರೀತಿ ಬೇರೆ. ಒಬ್ಬ ಹುಡುಗ ಮೂರು ದಿನ ತಡವಾಗಿ ಬಂದ. ಅವನನ್ನು ನೀರು ತರುವ ನೆಪದಲ್ಲಿ ಜೊತೆಗೆ ಕರೆದುಕೊಂಡು ಹೋಗಿ ದಾರಿಯಲ್ಲಿ ಮಾತಾಡಿದರು. ಅದೇ ದಿನ ಎಂಟು ಗಂಟೆಗೆ ಮೊದಲೇ ಕಡ್ಡಿ ಮುಳುಗಿಸಿದ ಅತ್ತೆ ಸೊಸೆಯ ಜೋಡಿಯನ್ನು ಎಲ್ಲರಿಗೂ ಕೇಳುವಂತೆ ಹೆಸರು ಹಿಡಿದು ಹೊಗಳಿದರು. ಹಿರಿಯರಿಗೆ ‘ಯವ್ವಾ’, ‘ಕಾಕಾ’, ಓರಗೆಯವರಿಗೆ ‘ಅಕ್ಕಾ’, ಚಿಕ್ಕವರಿಗೆ ‘ತಂಗಿ’. ಸಂಬಂಧ ಹಚ್ಚಿ ಕರೆದವರು ಮೋಸ ಮಾಡುವುದಿಲ್ಲ ಎಂದೇನೂ ಇಲ್ಲ. ನಮ್ಮೂರಲ್ಲಿ ‘ಯಪ್ಪಾ, ತಮ್ಮಾ’ ಎಂದೇ ಕೂಲಿ ಮುರಿದುಕೊಳ್ಳುವ ಗುತ್ತೇದಾರರೂ ಇದ್ದಾರೆ. ಆದರೆ ಅಳತೆ ಸರಿಯಿದ್ದು, ಲೆಕ್ಕ ಸರಿಯಿದ್ದು, ಮೇಲೆ ಒಂದು ‘ಯವ್ವಾ’ ಇದ್ದರೆ ಬಿಸಿಲಿನಲ್ಲಿ ಬುಟ್ಟಿ ಸ್ವಲ್ಪ ಹಗುರಾಗುತ್ತದೆ. ಸರ್ಕಾರ 2021ರ ಬೇಸಿಗೆಯಲ್ಲಿ ಖಾತ್ರಿ ಕೆಲಸದ ಅಭಿಯಾನಕ್ಕೆ ‘ದುಡಿಯೋಣ ಬಾ’ ಎಂದು ಹೆಸರಿಟ್ಟಿತ್ತು. ‘ದುಡಿಯಿರಿ’ ಅಲ್ಲ, ‘ದುಡಿಯೋಣ’. ಕರೆಯುವವನೂ ಅದರಲ್ಲಿ ಸೇರಿದ್ದಾನೆ. ಆ ಪದವನ್ನು ಪೋಸ್ಟರಿಗೆ ಬಿಟ್ಟು ಸಭೆಯಲ್ಲಿ ‘ಮಾಡಿ ತೋರಿಸಿ’ ಎನ್ನುವವರೇ ಹೆಚ್ಚು.

ನಾಲ್ಕನೆಯದು ಕೇಳುವುದು. ಮೇಲಿನವರು ಬಂದಾಗ ‘ಏನಾದರೂ ತೊಂದರೆ ಇದೆಯೇ?’ ಎಂದು ಕೇಳುತ್ತಾರೆ. ‘ಏನಿಲ್ರಿ, ಎಲ್ಲ ಛಲೋ ಅದ’ ಎಂಬ ಉತ್ತರ ಬರುತ್ತದೆ. ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಅಕ್ಕ ಹಾಗೆ ಕೇಳುವುದಿಲ್ಲ. ದಿನಕ್ಕೊಂದು ಗುಂಪಿನ ಜೊತೆ ಬುತ್ತಿ ಬಿಚ್ಚಿ ಕೂತು, ‘ನೀರು ಎಷ್ಟೊತ್ತಿಗಿ ಮುಗೀತು?’ ಎನ್ನುತ್ತಾರೆ. ‘ಕೂಸಿನ ಯಾರ ಹತ್ತರ ಬಿಟ್ಟು ಬಂದಿ?’ ಎನ್ನುತ್ತಾರೆ. ಕಾಮಗಾರಿ ಜಾಗದಲ್ಲಿ ಕುಡಿಯುವ ನೀರು, ನೆರಳು ಇರಬೇಕು, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಬೇಕು ಎಂದು ಕಾನೂನಿನಲ್ಲೇ ಇದೆ. ಇಲ್ಲ ಎಂದು ದೂರು ಕೊಡುವ ಧೈರ್ಯ ಬಹಳ ಮಂದಿಗೆ ಇಲ್ಲ. ಆದರೆ ನೀರು ಎಷ್ಟು ಗಂಟೆಗೆ ಮುಗಿಯಿತು ಎಂಬುದಕ್ಕೆ ಉತ್ತರ ಕೊಡಲು ಧೈರ್ಯ ಬೇಕಿಲ್ಲ.

ಎರಡನೇ ಮಹಾಯುದ್ಧದ ನಂತರ, 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ, ಕಾರ್ಖಾನೆ ನಡೆಸುವವರಿಗೆ ಪಾಠ ಹೇಳಿದ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್ ಅವರು ಮುಂದೆ ಆಡಳಿತ ನಡೆಸುವವರಿಗೆ 14 ಸೂತ್ರಗಳನ್ನು ಬರೆದರು. ಅದರಲ್ಲಿ ಎಂಟನೆಯದು ಕೆಲಸದ ಜಾಗದಿಂದ ಭಯವನ್ನು ಹೊರಹಾಕುವ ಬಗ್ಗೆ. ಹೆದರಿದವರು ತಪ್ಪು ಮುಚ್ಚಿಡುತ್ತಾರೆ, ಮುಚ್ಚಿಟ್ಟ ತಪ್ಪು ದೊಡ್ಡದಾಗುತ್ತದೆ. ಇದು ಕಾರ್ಖಾನೆಗೂ ಸರಿ, ಕೆರೆಗೂ ಸರಿ, ಸುದ್ದಿಮನೆಗೂ ಸರಿ.

ನಾನೂ ಹುಡುಗರನ್ನು ‘ಏನಾದರೂ ತೊಂದರೆ ಇದೆಯಾ’ ಎಂದು ಕೇಳುವುದರ ಬದಲು, ‘ಈ ವಾರ ಯಾವ ಸುದ್ದಿ ಗೊತ್ತಿದ್ದೂ ಬರೆಯದೆ ಬಿಟ್ಟೆ?’ ಎಂದು ಕೇಳತೊಡಗಿದೆ. ಮೊದಲ ವಾರ ಮೂವರೂ ನಕ್ಕರು. ಎರಡನೇ ವಾರ ಒಬ್ಬ ಬಾಯಿ ಬಿಟ್ಟ. ಮರಳು ಟಿಪ್ಪರ್‌ಗಳ ಬಗ್ಗೆ ಅವನ ಬಳಿ ಫೋಟೊ ಇತ್ತು. ಅದು ಗೊತ್ತಾಗಿ ಇಬ್ಬರು ಅವನ ಮನೆಗೆ ಬಂದು ಅವನ ಅಪ್ಪನ ಜೊತೆ ಚಹಾ ಕುಡಿದು ಹೋಗಿದ್ದರು. ಬೆದರಿಕೆಯ ಮಾತು ಒಂದೂ ಆಡಿರಲಿಲ್ಲ, ಆದರೆ ಅವನ ತಂಗಿ ಯಾವ ಕಾಲೇಜಿಗೆ ಹೋಗುತ್ತಾಳೆ ಎಂದು ಕೇಳಿದ್ದರು. ಹದಿನೈದು ದಿನ ಅವನು ಅದನ್ನು ಒಬ್ಬನೇ ಹೊತ್ತು ತಿರುಗಿದ್ದ. ಆ ಸುದ್ದಿಯನ್ನು ಅವನ ಊರಿನ ಹೆಸರಿಲ್ಲದೆ, ಬೇರೆ ಎರಡು ಕಡೆಯ ಮಾಹಿತಿ ಸೇರಿಸಿ, ತಾಲ್ಲೂಕು ಕೇಂದ್ರದಿಂದ ಕಳಿಸಿದೆವು. ನಾನು ಹಳೆಯ ಪ್ರಶ್ನೆಯನ್ನೇ ಕೇಳುತ್ತಿದ್ದರೆ ಇಂದಿಗೂ ‘ಏನಿಲ್ಲ ಅಣ್ಣಾ’ ಎಂಬ ಉತ್ತರವೇ ಬರುತ್ತಿತ್ತು.

ಇನ್ನು ಹಣ ಕಡಿತದ ವಿಷಯ. ಡೆಸ್ಕಿನ ಫೋನ್ ಬಂದ ದಿನವೇ ನಾನು ಹುಡುಗರಿಗೆ ಹೇಳಲಿಲ್ಲ. ಮೊದಲು ತಿರುಗಿ ಡೆಸ್ಕಿಗೆ ಎರಡು ಪ್ರಶ್ನೆ ಕಳಿಸಿದೆ. ಮಾರ್ಚ್ ಕೊನೆಯವರೆಗಿನ ಸುದ್ದಿಗೆ ಹಳೆಯ ದರವೇ ತಾನೆ? ಬಾಕಿ ಇರುವ ಎರಡು ತಿಂಗಳ ಹಣ ಯಾವ ದಿನಾಂಕಕ್ಕೆ ಬರುತ್ತದೆ? ಬರೆದೇ ಉತ್ತರ ಕೊಡಿ ಎಂದೆ. ಮೂರನೇ ದಿನ ಉತ್ತರ ಬಂತು: ಹಳೆಯ ದರ, ಏಪ್ರಿಲ್ 20ರೊಳಗೆ. ಕೆಟ್ಟ ಸುದ್ದಿ ಹೊತ್ತೊಯ್ಯುವವನಿಗೆ ಇಷ್ಟು ಕೇಳುವ ಹಕ್ಕಿದೆ ಎಂದು ನನಗೆ ಅನಿಸುತ್ತದೆ. ನಡುವಿನ ಮನುಷ್ಯ ಕೆಳಗೆ ಹೇಳುವುದಷ್ಟೇ ಅಲ್ಲ, ಮೇಲೆ ಕೇಳುವುದನ್ನೂ ಮಾಡಬೇಕು. ಇಲ್ಲದಿದ್ದರೆ ಅವನು ಬರೀ ಧ್ವನಿವರ್ಧಕ.

ಆಮೇಲೆ ಮೂವರನ್ನೂ ಶಹಾಪುರ ಬಸ್ ನಿಲ್ದಾಣದ ಹತ್ತಿರದ ಚಹಾ ಹೋಟೆಲಿಗೆ ಕರೆದೆ. ಸುಸಲಾ ಮಿರ್ಚಿ ಬರುವ ಮೊದಲೇ ಹೇಳಿದೆ. ಎಷ್ಟು ಕಡಿತ, ಎಂದಿನಿಂದ, ತೀರ್ಮಾನ ಮಾಡಿದವರು ಯಾರು, ಬಾಕಿ ಯಾವಾಗ, ನನ್ನದೂ ಅಷ್ಟೇ ಕಡಿತವಾಗಿದೆ, ಇದನ್ನು ಬದಲಿಸುವ ಶಕ್ತಿ ನನಗಿಲ್ಲ. ಬೇರೆ ಪತ್ರಿಕೆಗೆ ಹೋದರೂ ನನಗೆ ಬೇಸರವಿಲ್ಲ, ಪತ್ರ ಬೇಕಿದ್ದರೆ ಬರೆದುಕೊಡುತ್ತೇನೆ ಎಂದೆ. ಒಬ್ಬ ಸಿಟ್ಟಾದ. ‘ಅಣ್ಣಾ, ನೀವು ಹೂಂ ಅಂದು ಬಂದ್ರಲ್ಲ’ ಎಂದ. ಸುಮ್ಮನೆ ಕೇಳಿದೆ.

ಎಲ್ಲವೂ ಸುಖಾಂತ್ಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟಾದ ಹುಡುಗ ಮೇ ತಿಂಗಳಲ್ಲಿ ಬಿಟ್ಟ. ಈಗ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತದೆ. ಅವನು ಮಾಡಿದ್ದು ಸರಿ. ಮಾತು ಎಷ್ಟೇ ಚೆಂದ ಇದ್ದರೂ ಅದು ಪಗಾರದ ಜಾಗ ತುಂಬುವುದಿಲ್ಲ. ‘ನೌಕರರ ಜೊತೆ ಮಾತಾಡುವ ಕಲೆ’ ಎಂದು ಹೇಳಿಕೊಡುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಅಕ್ಕ ಕೇಳಿದ ಮರು ಅಳತೆಯೂ ಒಂದಿಷ್ಟು ಕುಣಿಗಳಿಗೆ ಮಾತ್ರ ಆಯಿತು, ಉಳಿದವರಿಗೆ ಕಡಿಮೆ ಕೂಲಿಯೇ ಬಂತು. ಆದರೂ ಮರು ವಾರ ಅವರು ಅದೇ ಅಕ್ಕನ ಗುಂಪಿಗೇ ಹೆಸರು ಕೊಟ್ಟರು. ಉಳಿದ ನಮ್ಮ ಇಬ್ಬರು ಹುಡುಗರೂ ಈಗ ಬರೆಯುತ್ತಿದ್ದಾರೆ. ಬಾಕಿ ಹಣ 20ರ ಬದಲು 26ಕ್ಕೆ ಬಂತು. 20ರ ಬೆಳಿಗ್ಗೆಯೇ ನಾನು ಫೋನ್ ಮಾಡಿ ‘ಇವತ್ತು ಬರುವುದಿಲ್ಲ, ಕೇಳಿದ್ದೇನೆ’ ಎಂದು ಹೇಳಿದ್ದೆ.

ನಮ್ಮ ಜೊತೆ ಓದಿದವರಲ್ಲಿ ಕೆಲವರು ಈಗ ಡೆಸ್ಕಿನಲ್ಲಿ ಕೂತಿದ್ದೀರಿ, ಒಂದಿಬ್ಬರು ಬ್ಯೂರೊ ನೋಡಿಕೊಳ್ಳುತ್ತಿದ್ದೀರಿ. ನಿಮಗೆ ಸ್ಟ್ರಿಂಗರ್‌ಗಳ ದರ ಹೆಚ್ಚಿಸುವ ಅಧಿಕಾರ ಇರಲಿಕ್ಕಿಲ್ಲ. ಸುದ್ದಿ ಅಚ್ಚಾಗದಿದ್ದರೆ ಯಾಕೆಂದು ಒಂದು ಸಾಲು ಬರೆಯುವ ಅಧಿಕಾರವಂತೂ ಇದೆ. ‘ಜಾಗ ಇರಲಿಲ್ಲ’, ‘ಇನ್ನೊಂದು ಕಡೆಯವರ ಮಾತು ಬೇಕಿತ್ತು’, ‘ಫೋಟೊ ಮಸುಕು’. ಅಷ್ಟು ಸಾಕು. ಇವತ್ತು ಸಂಜೆ ಪುಟ ಕಳಿಸಿದ ಮೇಲೆ ಒಬ್ಬರಿಗಾದರೂ ಕಳಿಸಿ ನೋಡಿ.